ಮುನ್ನೂರು ಕೋಟಿ ಅಕ್ಷರಗಳ ನಡುವೆ ಒಂದು ಅಕ್ಷರ

2000ನೇ ಇಸವಿಯ ಜೂನ್ 26ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಶ್ವೇತಭವನದಿಂದ, ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಅವರು ಲಂಡನ್ನಿನಿಂದ, ಮಾನವ ಜೀನೋಮಿನ ಕರಡು ಪ್ರತಿ ಸಿದ್ಧವಾಯಿತೆಂದು ಲೋಕಕ್ಕೆ ಸಾರಿದರು. ಆಗ ನಾನು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಮನುಷ್ಯನ ಜೀವನ ಗ್ರಂಥವನ್ನು ಓದಿಯಾಯಿತು, ಇನ್ನು ಕಾಯಿಲೆಗಳ ಕಾಲ ಮುಗಿಯಿತು ಎಂಬ ಧಾಟಿಯ ಬರಹಗಳು ಎಷ್ಟು ಬಂದವೋ ಲೆಕ್ಕವಿಲ್ಲ.

ಆ ಮಾತಿಗೆ ಈಗ ಕಾಲು ಶತಮಾನ ಸಂದಿದೆ. ನಿವೃತ್ತನಾದ ಮೇಲೆ ಬಿಡುವು ದೊರೆತಿರುವುದರಿಂದ, ಆ ಮಹಾಗ್ರಂಥದಿಂದ ನಮ್ಮ ಚಾಮರಾಜನಗರ ಜಿಲ್ಲೆಗೆ ಬಂದ ಲಾಭವೇನು ಎಂದು ನನ್ನಷ್ಟಕ್ಕೆ ಆಗಾಗ ಕೇಳಿಕೊಳ್ಳುತ್ತೇನೆ. ಓದುಗ ಮಿತ್ರರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ವಾಷಿಂಗ್ಟನ್ ಎಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡು ಎಲ್ಲಿ? ಆದರೆ ಆ ಗ್ರಂಥದ ಒಂದೇ ಒಂದು ಅಕ್ಷರ ನಮ್ಮ ಕಾಡಂಚಿನ ಮನೆಗಳಲ್ಲಿ ತಲೆಮಾರುಗಳಿಂದ ನೋವಾಗಿ ಕುಳಿತಿದೆ. ಆ ಅಕ್ಷರದ ಚರಿತ್ರೆಯನ್ನೇ ಇಂದು ಬರೆಯಬೇಕೆಂದಿದ್ದೇನೆ.

ಮೊದಲು ಗ್ರಂಥದ ವಿಚಾರ. ನಮ್ಮ ದೇಹದ ಜೀವಕೋಶಗಳ ಒಳಗೆ ಡಿಎನ್ಎ ಎಂಬ ಉದ್ದನೆಯ ಎಳೆಯಿದೆ. ಅದರಲ್ಲಿರುವುದು ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ನಮಗೆ ಬರುತ್ತದೆ. ಒಂದೊಂದು ಪ್ರತಿಯಲ್ಲೂ ಈ ನಾಲ್ಕು ಅಕ್ಷರಗಳು ಸುಮಾರು ಮುನ್ನೂರು ಕೋಟಿ ಬಾರಿ ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಪುಟಕ್ಕೆ 2,000 ಅಕ್ಷರಗಳಂತೆ ಅಚ್ಚು ಹಾಕಿಸಿದರೆ 15 ಲಕ್ಷ ಪುಟಗಳಾಗುತ್ತವೆ. 300 ಪುಟಗಳಿಗೊಂದು ಸಂಪುಟ ಕಟ್ಟಿದರೆ 5,000 ಸಂಪುಟಗಳು. ಅಷ್ಟೂ ಬರಹ ಕಣ್ಣಿಗೆ ಕಾಣದ ಒಂದು ಕೋಶದೊಳಗೆ ಅಡಗಿದೆ ಎಂದಾಗ ಹತ್ತನೆಯ ತರಗತಿಯ ಮಕ್ಕಳ ಕಣ್ಣು ಅರಳುತ್ತಿದ್ದುದನ್ನು ನಾನು ಹಲವು ವರ್ಷ ಕಂಡಿದ್ದೇನೆ.

ಈ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಯೋಜನೆ 1990ರಲ್ಲಿ ಆರಂಭವಾಯಿತು. ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಜರ್ಮನಿ ಮತ್ತು ಚೀನಾ ದೇಶಗಳ ಸಂಸ್ಥೆಗಳು ಅದರಲ್ಲಿ ಪಾಲ್ಗೊಂಡವು; ಭಾರತ ಆ ಪಟ್ಟಿಯಲ್ಲಿರಲಿಲ್ಲ. 2000ದಲ್ಲಿ ಘೋಷಿಸಿದ್ದು ಕರಡನ್ನು ಮಾತ್ರ. 2003ರ ಏಪ್ರಿಲಿನಲ್ಲಿ ಕೆಲಸ ಮುಗಿಯಿತೆಂದು ಹೇಳಿದಾಗಲೂ ಶೇಕಡ 8ರಷ್ಟು ಭಾಗ ಓದಲಾಗದೆ ಉಳಿದಿತ್ತು. ಆ ಭಾಗವನ್ನೂ ಓದಿ ಮುಗಿಸಿದ ವರದಿ ಪ್ರಕಟವಾದದ್ದು 2022ರಲ್ಲಿ. ಮೊದಲ ಓದಿಗೆ ತಗಲಿದ ವೆಚ್ಚ ಸುಮಾರು 270 ಕೋಟಿ ಡಾಲರ್. ಇಂದು ಒಬ್ಬ ವ್ಯಕ್ತಿಯ ಜೀನೋಮನ್ನು ಸಾವಿರ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಓದಬಹುದು. ಮನುಷ್ಯನಲ್ಲಿ ಒಂದು ಲಕ್ಷ ಜೀನುಗಳಾದರೂ ಇರಬೇಕೆಂದು ಹಲವು ವಿದ್ವಾಂಸರು ಎಣಿಸಿದ್ದರು. ಪ್ರೋಟೀನು ತಯಾರಿಸುವ ಜೀನುಗಳು ಸಿಕ್ಕಿದ್ದು ಸುಮಾರು 20,000. ಇನ್ನೊಂದು ಮಾತು: ಯಾವುದೇ ಇಬ್ಬರು ಮನುಷ್ಯರ ಬರಹ ಶೇಕಡ 99.9ರಷ್ಟು ಒಂದೇ. ಯಾವ ಕುಲಕ್ಕೂ ಯಾವ ಜಾತಿಗೂ ಪ್ರತ್ಯೇಕ ಗ್ರಂಥವಿಲ್ಲ; ಇರುವುದು ಅಲ್ಲೊಂದು ಇಲ್ಲೊಂದು ಪಾಠಾಂತರ.

ಒಂದು ಅಕ್ಷರ ಬದಲಾದರೆ ಏನಾಗುತ್ತದೆ? ಕನ್ನಡದ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. 'ಹಾಲು' ಎಂದು ಬರೆಯುವಲ್ಲಿ 'ಹಾಳು' ಎಂದು ಬರೆದರೆ ಬದಲಾದದ್ದು ಒಂದೇ ಅಕ್ಷರ, ಕೆಟ್ಟದ್ದು ಇಡೀ ವಾಕ್ಯ. ಹನ್ನೊಂದನೆಯ ವರ್ಣತಂತುವಿನಲ್ಲಿ ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ಜೀನು ಇದೆ. ಅದರಲ್ಲಿ 'ಜಿಎಜಿ' ಎಂದಿರಬೇಕಾದ ಕಡೆ ಕೆಲವರಲ್ಲಿ 'ಜಿಟಿಜಿ' ಎಂದಿದೆ. ಅಷ್ಟರಿಂದಲೇ 146 ಅಮೈನೋ ಆಮ್ಲಗಳ ಸರಪಳಿಯಲ್ಲಿ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂರುತ್ತದೆ. ಆಗ ಆಮ್ಲಜನಕ ಕಡಿಮೆಯಾದಾಗಲೆಲ್ಲ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಂತಾಗುತ್ತವೆ. ದುಂಡಗೆ ಮೆತ್ತಗಿರಬೇಕಾದ ಕೆಂಪು ರಕ್ತಕಣ, ರಾಗಿ ಕೊಯ್ಯುವ ಕುಡುಗೋಲಿನಂತೆ ಬಾಗಿ ಬಿಗಿಯಾಗುತ್ತದೆ.

ತಂದೆ ತಾಯಿ ಇಬ್ಬರಿಂದಲೂ ಈ ಬದಲಾದ ಅಕ್ಷರ ಬಂದ ಮಗುವಿಗೆ ಕುಡುಗೋಲು ಕಣ ರೋಗ ಬರುತ್ತದೆ. ನಮ್ಮ ಕಡೆ ಎಲ್ಲರೂ 'ಸಿಕಲ್ ಸೆಲ್' ಎನ್ನುತ್ತಾರೆ. ಆರೋಗ್ಯವಂತ ಕೆಂಪು ಕಣ 120 ದಿನ ಬದುಕಿದರೆ ಕುಡುಗೋಲು ಕಣ ಹತ್ತಿಪ್ಪತ್ತು ದಿನಗಳಲ್ಲಿ ಒಡೆಯುತ್ತದೆ. ಆದುದರಿಂದ ರಕ್ತಹೀನತೆ, ಆಯಾಸ, ಕಣ್ಣು ಹಳದಿಯಾಗುವುದು. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ, ಕೀಲು, ಎದೆ, ಹೊಟ್ಟೆಗಳಲ್ಲಿ ತಡೆಯಲಾಗದ ನೋವು. ಚಳಿ, ಜ್ವರ, ನೀರು ಕುಡಿಯದಿರುವುದು, ಮಿತಿಮೀರಿದ ದುಡಿಮೆ ಇವು ಆ ನೋವನ್ನು ಕೆರಳಿಸುತ್ತವೆ. ಹೊರಗೆ ಗಾಯವಿಲ್ಲ, ಊತವೂ ಎಲ್ಲ ಸಲ ಕಾಣದು. ಕಂಡವರು 'ಸೋಮಾರಿ' ಎನ್ನುವುದುಂಟು, ಗಾಳಿ ಸೋಕಿದೆ ಎನ್ನುವುದುಂಟು.

ಈ ರೋಗ ವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದ ಬಗೆ ಕುತೂಹಲಕರ. 1910ರಲ್ಲಿ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯರು, ಗ್ರೆನಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದಿದ್ದ ಕಪ್ಪು ವರ್ಣದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಾಕಾರದ ಕಣಗಳಿವೆಯೆಂದು ವರದಿ ಮಾಡಿದರು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲಿಯೇ ಎಂದು ತೋರಿಸಿದರು. ಒಂದು ಕಾಯಿಲೆಯ ಮೂಲವನ್ನು ಅಣುವಿನ ಮಟ್ಟದಲ್ಲಿ ಗುರುತಿಸಿದ್ದು ಅದೇ ಮೊದಲು. 1957ರಲ್ಲಿ ಕೇಂಬ್ರಿಡ್ಜಿನ ವರ್ನನ್ ಇಂಗ್ರಾಂ, ಬದಲಾದದ್ದು ಒಂದೇ ಒಂದು ಅಮೈನೋ ಆಮ್ಲ ಎಂಬುದನ್ನು ಸ್ಪಷ್ಟಪಡಿಸಿದರು. ಅಂದರೆ ಜೀನೋಮ್ ಯೋಜನೆಯ ಹೆಸರು ಹುಟ್ಟುವುದಕ್ಕೆ ದಶಕಗಳ ಮೊದಲೇ ಈ ದೋಷದ ಗುಟ್ಟು ಬಯಲಾಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಷಿಕಾಗೋದಿಂದ ಈಗ ನಮ್ಮ ನೆರೆಗೆ ಬರೋಣ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ನೀಲಗಿರಿ. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಬುಡಕಟ್ಟು ಜನರಲ್ಲಿ ಇದೇ ಕುಡುಗೋಲು ಕಣದ ಗುಣವಿದೆಯೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಇದು ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಬಹುತೇಕರು ತಿಳಿದಿದ್ದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳ ಕೂಲಿಕಾರರಲ್ಲಿಯೂ ಅದು ಕಂಡುಬಂದ ವರದಿಯಾಯಿತು. ಮುಂದೆ ಮಧ್ಯ ಭಾರತ, ಗುಜರಾತ್, ಒಡಿಶಾ, ವಯನಾಡು ಹೀಗೆ ಕಾಡು ಇರುವಲ್ಲೆಲ್ಲ ಅದರ ಜಾಡು ಸಿಕ್ಕಿತು.

ಬಂಡೀಪುರದ ಆಚೆ ಕಂಡದ್ದು ಈಚೆ ಇರದೇ ಹೋದೀತೆ? ನಮ್ಮ ಜಿಲ್ಲೆಯ ಕಾಡುಗಳಲ್ಲಿ ಸೋಲಿಗರು, ಗುಂಡ್ಲುಪೇಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು ಮತ್ತು ಬೆಟ್ಟಕುರುಬರು ಇದ್ದಾರೆ. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ್ದು ನಮ್ಮ ಭಾಗದವರೆಲ್ಲ ಬಲ್ಲ ಸಂಗತಿ. ಪೋಡುಗಳಿಗೆ ನಡೆದು ಹೋಗಿ ಚಿಕಿತ್ಸೆ ನೀಡುತ್ತಿದ್ದ ಆ ಕೇಂದ್ರದವರೇ ಸೋಲಿಗರಲ್ಲಿ ಕುಡುಗೋಲು ಕಣ ರೋಗವನ್ನು ಗುರುತಿಸಿ, ರಕ್ತಪರೀಕ್ಷೆಗೂ ಆರೈಕೆಗೂ ದಾರಿ ಮಾಡಿದವರಲ್ಲಿ ಮುಂಚೂಣಿಯಲ್ಲಿದ್ದಾರೆ. ಅತ್ತ ಗೂಡಲೂರಿನಲ್ಲಿ ಆದಿವಾಸಿಗಳ ಆಸ್ಪತ್ರೆಯೊಂದು 1990ರಿಂದ ಇಂಥದೇ ಸೇವೆ ಮಾಡಿಕೊಂಡು ಬಂದಿದೆ. ನೀಲಗಿರಿಯ ವರದಿ ಬಂದ 1952ಕ್ಕೂ, ನಮ್ಮ ಬೆಟ್ಟದಲ್ಲಿ ಒಬ್ಬ ವೈದ್ಯರು ನೆಲೆ ನಿಂತ ಕಾಲಕ್ಕೂ ನಡುವೆ ಸುಮಾರು 30 ವರ್ಷಗಳ ಅಂತರವಿದೆ. ನಡುವಿನ ದಾರಿ ಮಾತ್ರ ಒಂದು ದಿನದ ಪಯಣದಷ್ಟೂ ಇಲ್ಲ.

ಇಷ್ಟು ನೋವು ಕೊಡುವ ಅಕ್ಷರ ಕಾಲಕ್ರಮದಲ್ಲಿ ಅಳಿಸಿಹೋಗದೆ ಹೇಗೆ ಉಳಿಯಿತು? ಇದಕ್ಕೆ ಉತ್ತರ ಚಳಿಜ್ವರ, ಅಂದರೆ ಮಲೇರಿಯಾ. ರಕ್ತದ ಇಂಥ ದೋಷಗಳಿಗೂ ಮಲೇರಿಯಾಕ್ಕೂ ಸಂಬಂಧವಿರಬಹುದೆಂದು 1949ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಸೂಚಿಸಿದ್ದರು. ಇವರೇ ಮುಂದೆ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ನಡೆಸಿ, ಒಬ್ಬ ಹೆತ್ತವರಿಂದ ಮಾತ್ರ ಈ ಅಕ್ಷರ ಪಡೆದವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆಯಿದೆಯೆಂದು ತೋರಿಸಿದರು. ಇಂಥವರನ್ನು ವಾಹಕರೆಂದು ಕರೆಯುತ್ತಾರೆ. ವಾಹಕನಿಗೆ ಜ್ವರ ಬರುವುದೇ ಇಲ್ಲವೆಂದಲ್ಲ. ಬಂದರೂ ಪ್ರಾಣ ಹೋಗುವಷ್ಟು ಏರುವುದು ಅಪರೂಪ. ಎರಡೂ ಕಡೆಯಿಂದ ಪಡೆದವನಿಗಾದರೋ ಈ ರಕ್ಷಣೆಯ ಪ್ರಯೋಜನವಿಲ್ಲ. ಮಲೇರಿಯಾ ಬಂದರೆ ಅವನಿಗೆ ಅಪಾಯವೇ ಹೆಚ್ಚು.

ನಮ್ಮ ಹಳೆಯ ಮೈಸೂರು ಸೀಮೆಯ ಕಾಡುಗಳಲ್ಲಿ ಮಲೇರಿಯಾದ ಭಯ ಎಂಥದೆಂಬುದನ್ನು ಹಿರಿಯರ ಬಾಯಿಂದ ಕೇಳಿದವರು ಬಲ್ಲರು. ಬಯಲಿನವರು ಮಳೆಗಾಲದಲ್ಲಿ ಕಾಡಿನೊಳಗೆ ರಾತ್ರಿ ತಂಗಲು ಹಿಂಜರಿಯುತ್ತಿದ್ದರು. ಮೈಸೂರು ಸರ್ಕಾರ 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನೇ ಕೈಗೊಳ್ಳಬೇಕಾಯಿತು. ಔಷಧವಿಲ್ಲದ ಅಂಥ ಕಾಲದಲ್ಲಿಯೂ ಕಾಡಿನಲ್ಲಿ ಜನ ವಂಶ ಬೆಳೆಸಿದ್ದಾರೆ. ಅವರ ತಿಳಿವು, ಶ್ರಮ, ಬೇರುನಾರಿನ ಜ್ಞಾನ ಎಲ್ಲವೂ ಅದಕ್ಕೆ ಕಾರಣ; ಅವುಗಳ ಜೊತೆಗೆ ರಕ್ತದಲ್ಲಿದ್ದ ಈ ಒಂದು ಅಕ್ಷರವೂ ಕೆಲವರನ್ನು ಕಾದಿದೆ. ಆದುದರಿಂದ ಇದನ್ನು ಕಳಂಕವೆಂದು ಕರೆಯುವುದು ಚರಿತ್ರೆಗೆ ಮಾಡುವ ಅಪಚಾರ. ಒಂದು ಕಾಲದಲ್ಲಿ ಹತ್ತು ಮಕ್ಕಳನ್ನು ಉಳಿಸಿದ್ದಕ್ಕೆ ತೆತ್ತ ಬೆಲೆ ಇಂದು ಒಂದು ಮಗುವಿನ ಮೂಳೆಯಲ್ಲಿ ನೋಯುತ್ತಿದೆ.

ಈ ಅಕ್ಷರ ಎಲ್ಲಿ ಹುಟ್ಟಿತು ಎಂಬುದರಲ್ಲಿ ಜೀನೋಮಿನ ಓದು ನಿಜಕ್ಕೂ ಹೊಸ ಬೆಳಕು ಚೆಲ್ಲಿದೆ. ಅರೇಬಿಯಾದಲ್ಲಿ ಹುಟ್ಟಿ ಅತ್ತ ಆಫ್ರಿಕಾಕ್ಕೂ ಇತ್ತ ಭಾರತಕ್ಕೂ ಹರಡಿರಬೇಕೆಂದು ಲೆಹ್ಮನ್ 1950ರ ದಶಕದಲ್ಲಿ ಊಹಿಸಿದ್ದರು. 1980ರ ದಶಕದಲ್ಲಿ ಆ ಅಕ್ಷರದ ಅಕ್ಕಪಕ್ಕದ ಬರಹವನ್ನು ಹೋಲಿಸಿ ನೋಡಿದವರು, ಭಾರತದ ಬುಡಕಟ್ಟುಗಳಲ್ಲಿಯೂ ಸೌದಿ ಅರೇಬಿಯಾದ ಪೂರ್ವ ಭಾಗದಲ್ಲಿಯೂ ಒಂದೇ ಬಗೆಯ ಹಿನ್ನೆಲೆಯಿದೆ, ಆಫ್ರಿಕಾದಲ್ಲಿ ಬೇರೆ ಬಗೆಗಳಿವೆ ಎಂದು ಕಂಡು, ಇದು ಹಲವು ಕಡೆ ಬೇರೆ ಬೇರೆಯಾಗಿ ಹುಟ್ಟಿತೆಂದು ತೀರ್ಮಾನಿಸಿದರು. 2018ರಲ್ಲಿ ಡೇನಿಯಲ್ ಶ್ರೈನರ್ ಮತ್ತು ಚಾರ್ಲ್ಸ್ ರೊಟಿಮಿ ಎಂಬ ವಿಜ್ಞಾನಿಗಳು ಸಂಪೂರ್ಣ ಜೀನೋಮುಗಳನ್ನು ಪರಿಶೀಲಿಸಿ ಬೇರೆಯದೇ ಮಾತು ಹೇಳಿದರು: ಈ ಅಕ್ಷರ ಹುಟ್ಟಿದ್ದು ಒಂದೇ ಬಾರಿ, ಆಫ್ರಿಕಾದಲ್ಲಿ, ಇಂದಿಗೆ ಸುಮಾರು 7,300 ವರ್ಷಗಳ ಹಿಂದೆ, ಸಹಾರಾ ಇನ್ನೂ ಹಸಿರಾಗಿದ್ದ ಕಾಲದಲ್ಲಿ. ಅವರ ಲೆಕ್ಕ ನಿಲ್ಲುವುದಾದರೆ, ಯಾವುದೋ ಒಂದು ಮಗುವಿನಲ್ಲಿ ತಪ್ಪಾಗಿ ನಕಲಾದ ಅಕ್ಷರ ಸಾವಿರಾರು ತಲೆಮಾರಲ್ಲ, ಕೆಲವೇ ನೂರು ತಲೆಮಾರುಗಳಲ್ಲಿ ಕಡಲು ಮರುಭೂಮಿಗಳನ್ನು ದಾಟಿ ನಮ್ಮ ಬೆಟ್ಟಗಳನ್ನು ಸೇರಿದೆ. ಕಾಡಿನ ಜನ ಹೊರಲೋಕದ ಸಂಪರ್ಕವೇ ಇಲ್ಲದೆ ಆದಿಯಿಂದ ಹಾಗೆಯೇ ಇದ್ದವರು ಎಂಬ ನಮ್ಮ ಪಾಠಪುಸ್ತಕದ ಧೋರಣೆ ಈ ಒಂದು ಅಕ್ಷರದ ಮುಂದೆ ನಿಲ್ಲದು.

ಇನ್ನು ಇದು ವಂಶದಲ್ಲಿ ಇಳಿಯುವ ಬಗೆ. ತರಗತಿಯಲ್ಲಿ ನಾನು ಮೆಂಡಲನ ಬಟಾಣಿ ಗಿಡದ ಚಿತ್ರ ಬಿಡಿಸುವುದಕ್ಕೆ ಮೊದಲು ಎರಡು ಚೀಲ ತರುತ್ತಿದ್ದೆ. ಒಂದೊಂದು ಚೀಲದಲ್ಲೂ ಒಂದು ಹುಣಸೆ ಬೀಜ, ಒಂದು ಹೊಂಗೆ ಬೀಜ. ಒಂದು ಚೀಲ ತಂದೆ, ಇನ್ನೊಂದು ತಾಯಿ. ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಬೀಜ ತೆಗೆಯುವುದು, ನೋಡುವುದು, ಮರಳಿ ಹಾಕುವುದು. ಹೊಂಗೆಯೇ ಬದಲಾದ ಅಕ್ಷರವೆಂದುಕೊಂಡರೆ, ಎರಡೂ ಹೊಂಗೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಹುಣಸೆ ಒಂದು ಹೊಂಗೆ ಬರುವುದು ನಾಲ್ಕರಲ್ಲಿ ಎರಡು. ಎರಡೂ ಹುಣಸೆ ನಾಲ್ಕರಲ್ಲಿ ಒಂದು. ಮಕ್ಕಳು ಸಾಮಾನ್ಯವಾಗಿ ಕೇಳುತ್ತಿದ್ದ ಪ್ರಶ್ನೆ: ಮೊದಲ ಮಗುವಿಗೆ ರೋಗ ಬಂದರೆ ಉಳಿದ ಮೂವರಿಗೆ ಬರುವುದಿಲ್ಲ, ಅಲ್ಲವೇ? ಹಾಗಲ್ಲ. ಪ್ರತಿ ಸಲವೂ ಬೀಜ ಮರಳಿ ಚೀಲಕ್ಕೆ ಬೀಳುತ್ತದೆ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಎಂಬ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಇನ್ನೂ ಮುಖ್ಯವಾದ ಮಾತು, ಒಂದು ಚೀಲದಲ್ಲಿ ಎರಡೂ ಹುಣಸೆಯೇ ಇದ್ದರೆ ಎಷ್ಟು ಬಾರಿ ತೆಗೆದರೂ ಎರಡು ಹೊಂಗೆ ಬರಲಾರವು. ಅಂದರೆ ದಂಪತಿಗಳಲ್ಲಿ ಒಬ್ಬರು ಮಾತ್ರ ವಾಹಕರಾಗಿದ್ದರೆ ಯಾವ ಮಗುವಿಗೂ ಈ ರೋಗ ಬರುವುದಿಲ್ಲ.

ಪರೀಕ್ಷೆಯೂ ಸರಳ. ಒಂದು ಹನಿ ರಕ್ತವನ್ನು ದ್ರಾವಣವಿರುವ ಗಾಜಿನ ನಳಿಕೆಗೆ ಹಾಕಿ, ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಚಿಂತೆಯಿಲ್ಲ. ದ್ರಾವಣ ಕದಡಿ ಗೆರೆ ಮರೆಯಾದರೆ ಆ ಅಕ್ಷರ ಇದೆ ಎಂದರ್ಥ. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿ ವಾಹಕನೋ ರೋಗಿಯೋ ಎಂಬುದನ್ನು ನಿರ್ಧರಿಸುತ್ತಾರೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಸಿಕಲ್ ಸೆಲ್ ನಿರ್ಮೂಲನದ ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ನೀಡಿದರು. ಏಳು ಕೋಟಿ ಜನರ ತಪಾಸಣೆ ಮಾಡುವುದು, 2047ರ ಹೊತ್ತಿಗೆ ರೋಗವನ್ನು ತೊಡೆಯುವುದು ಅದರ ಗುರಿ. ಕರ್ನಾಟಕವೂ ಅದರಲ್ಲಿ ಸೇರಿದೆ. ತಪಾಸಣೆಯಾದವರಿಗೆ ಫಲಿತಾಂಶದ ಕಾರ್ಡು ಕೊಡುತ್ತಾರೆ.

ನನ್ನ ಚಿಂತೆ ಇರುವುದು ಆ ಕಾರ್ಡಿನ ಬಗ್ಗೆಯೇ. ಕೆಲಕಾಲದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮದುವೆಯ ಮಾತು ಅರ್ಧಕ್ಕೆ ನಿಂತಿತ್ತು. ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, "ಸಾ, ಇದ್ರಲ್ಲಿ ಏನ ಬರ್ದದ ಅಂತ ವಸಿ ಹೇಳಿ. ನಂಗೂ ಕಾಯ್ಲ ಅದಾ?" ಎಂದ. ಅವನು ವಾಹಕ, ರೋಗಿಯಲ್ಲ. "ನಿಂಗೆ ಕಾಯಿಲೆ ಇಲ್ಲ ಕಣಪ್ಪ. ನೀನು ಎಲ್ಲರ ಹಾಗೇ ದುಡೀಬೋದು, ಬದುಕಬೋದು" ಎಂದೆ. "ಹಂಗಾದ್ರ ಹೆಣ್ಣಿನ ಮನೆಯವ್ರು ಯಾಕ ಹಿಂದುಕ್ಕ ಹೋದ್ರು?" ಎಂದು ಕೇಳಿದ. ಕಾರ್ಡು ಕೊಟ್ಟವರು ಅವನಿಗೆ ಏನನ್ನೂ ವಿವರಿಸಿರಲಿಲ್ಲ, ಸಾಲು ಉದ್ದವಿತ್ತಂತೆ. ಆ ಹುಡುಗಿಯ ಪರೀಕ್ಷೆಯಂತೂ ಆಗಿಯೇ ಇರಲಿಲ್ಲ. ನಾನು ಹುಣಸೆ ಬೀಜ ತರಿಸಿ, ಹೊಂಗೆಗೆ ಬದಲಾಗಿ ಅಂಗಳದ ಕಲ್ಲು ಇಟ್ಟು, ಹತ್ತನೆಯ ತರಗತಿಯ ಪಾಠವನ್ನು ಮತ್ತೊಮ್ಮೆ ಮಾಡಿದೆ. ಮುಂದೆ ಅವಳೂ ಪರೀಕ್ಷೆ ಮಾಡಿಸಿಕೊಂಡಳು. ಫಲಿತಾಂಶ ಏನಾಯಿತು, ಮದುವೆ ಏನಾಯಿತು ಎಂಬುದು ಅವರ ಮನೆಯ ಸಂಗತಿ. ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದ ಕಥೆಯಲ್ಲ. ಗ್ರೀಸ್ ದೇಶದ ಆರ್ಕೊಮೆನೋಸ್ ಎಂಬ ಊರಿನಲ್ಲಿ ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಅಕ್ಷರಕ್ಕಾಗಿ ಊರಿಡೀ ತಪಾಸಣೆ ನಡೆಯಿತು. ವಾಹಕರು ಯಾರೆಂದು ತಿಳಿದ ಮೇಲೆ ಅವರೊಡನೆ ಸಂಬಂಧ ಬೆಳೆಸಲು ಜನ ಹಿಂಜರಿದರು, ಎಷ್ಟೋ ಮಂದಿ ಫಲಿತಾಂಶವನ್ನು ಮುಚ್ಚಿಟ್ಟರು. ವಾಹಕರು ವಾಹಕರನ್ನೇ ಮದುವೆಯಾಗುವುದು ಕಡಿಮೆಯಾಗಲಿಲ್ಲ, ಅವಮಾನ ಮಾತ್ರ ಹೆಚ್ಚಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ಹಲವು ರಾಜ್ಯಗಳು ಕಪ್ಪು ವರ್ಣದವರಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ, ಆರೋಗ್ಯವಂತ ವಾಹಕರಿಗೆ ಉದ್ಯೋಗ, ವಿಮೆಗಳು ತಪ್ಪಿದವು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೆ ವಾಹಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎರಡು ಕಡೆಯೂ ರಕ್ತವನ್ನು ಓದಿದರು. ಓದಿದ್ದನ್ನು ತಿಳಿಯಹೇಳುವ ಕೆಲಸ ಹಿಂದೆ ಬಿತ್ತು.

ಚಿಕಿತ್ಸೆಯ ವಿಚಾರಕ್ಕೆ ಬಂದರೆ, ಜೀನೋಮಿನ ಓದು ನೀಡಿದ ಅತಿ ದೊಡ್ಡ ಕೊಡುಗೆಗಳಲ್ಲಿ ಒಂದು ಇದೇ ರೋಗದ್ದು. ತಾಯಿಯ ಗರ್ಭದಲ್ಲಿರುವಾಗ ಮಗುವಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ, ಅದು ಕುಡುಗೋಲಾಗುವುದಿಲ್ಲ. ಹುಟ್ಟಿದ ಮೇಲೆ ಅದರ ತಯಾರಿಕೆ ನಿಲ್ಲುತ್ತಾ ಬರುತ್ತದೆ. ನಿಲ್ಲಿಸುವ ಸ್ವಿಚ್ಚು ಯಾವುದು? ಸಾವಿರಾರು ಜನರ ಜೀನೋಮುಗಳನ್ನು ಹೋಲಿಸಿ ನೋಡಿದ ಅಧ್ಯಯನಗಳಿಂದ 2007-08ರ ಸುಮಾರಿಗೆ ಬಿಸಿಎಲ್11ಎ ಎಂಬ ಜೀನು ಕೈಗೆ ಸಿಕ್ಕಿತು. ಮಾನವ ಜೀನೋಮಿನ ನಕಾಶೆ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ರೋಗಿಯ ಮೂಳೆಮಜ್ಜೆಯ ಕೋಶಗಳಲ್ಲಿ ಆ ಸ್ವಿಚ್ಚನ್ನು ಕತ್ತರಿಸಿ, ಗರ್ಭಕಾಲದ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ನೀಡಿದವು. ಅಮೆರಿಕದಲ್ಲಿ ಅದರ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಹದಿನೆಂಟು ಕೋಟಿ ರೂಪಾಯಿಗೂ ಮಿಕ್ಕಿ. ನಮ್ಮ ದೇಶದ ವಿಜ್ಞಾನಿಗಳೂ ಇಂಥ ಚಿಕಿತ್ಸೆಯನ್ನು ಕಡಿಮೆ ಬೆಲೆಗೆ ರೂಪಿಸುವ ಯತ್ನದಲ್ಲಿದ್ದಾರೆ ಎಂಬುದು ಸಂತೋಷದ ಸಂಗತಿ.

ಆದರೆ ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆ ಇದೆ. ಅಮೆರಿಕದಲ್ಲಿ ಈ ರೋಗಕ್ಕೆ ಅದನ್ನು ಒಪ್ಪಿದ್ದು 1998ರಲ್ಲಿ. ಅದೂ ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಬೆಲೆಯೂ ಹೆಚ್ಚಲ್ಲ. ವೈದ್ಯರ ಸಲಹೆಯಂತೆ ದಿನವೂ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷಿಸಬೇಕು. ಕಷ್ಟವಿರುವುದು ಈ 'ದಿನವೂ' ಮತ್ತು 'ಆಗಾಗ' ಎಂಬ ಎರಡು ಪದಗಳಲ್ಲಿ. ಕ್ಯಾತದೇವರಗುಡಿಯ ಆಚೆ ಕಾಡಿನ ನಡುವೆ ಇರುವ ಪೋಡಿನಿಂದ, ಆನೆ ತಿರುಗುವ ದಾರಿಯಲ್ಲಿ, ಕೂಲಿ ಬಿಟ್ಟು, ಬಸ್ಸಿಗೆ ಕಾದು ಆಸ್ಪತ್ರೆಗೆ ಬರುವವರಿಗೆ ಮಾತ್ರೆಯ ಬೆಲೆಗಿಂತ ದಾರಿಯ ಬೆಲೆ ಹೆಚ್ಚು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ ಸೋಲಿಗರ ಹಲವು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಹಕ್ಕುಪತ್ರ ಬಂದ ದಾರಿಯಲ್ಲಿ ಮಾತ್ರೆಯೂ ತಪ್ಪದೆ ಬರಬೇಕು. ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿಯದು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ರೋಗವೂ ಸೇರಿದೆ. ಅರ್ಹರಾದವರು ಪ್ರಮಾಣಪತ್ರ ಕೇಳಿ ಪಡೆಯಬಹುದು.

ಈಚೆಗೆ ನಮ್ಮ ದೇಶವೂ ತನ್ನ ಗ್ರಂಥವನ್ನು ತಾನೇ ಓದತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 20 ಸಂಸ್ಥೆಗಳು ಕೂಡಿ, 2020ರಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮುಗಳನ್ನು ಓದುವ 'ಜೀನೋಮ್ ಇಂಡಿಯಾ' ಕಾರ್ಯವನ್ನು ಆರಂಭಿಸಿದವು. 83 ಜನಸಮುದಾಯಗಳ 9,772 ಮಂದಿಯ ಮಾಹಿತಿಯ ವಿವರ 2025ರಲ್ಲಿ ಪ್ರಕಟವಾಯಿತು. ಹೆಮ್ಮೆಯ ಕೆಲಸ, ಸಂದೇಹವಿಲ್ಲ. ಆದರೆ ಇಂಥ ಕೆಲಸಕ್ಕೆ ರಕ್ತ ಕೊಡುವವರಿಗೆ ಅದು ಏತಕ್ಕೆಂದು ಅವರ ನುಡಿಯಲ್ಲಿ ಹೇಳುವುದು ಅಷ್ಟೇ ದೊಡ್ಡ ಕೆಲಸ. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಎಂಬ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು 1990ರಲ್ಲಿ ಕೊಟ್ಟ ರಕ್ತವನ್ನು ಅವರಿಗೆ ತಿಳಿಸದೆ ಬೇರೆ ಅಧ್ಯಯನಗಳಿಗೆ ಬಳಸಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿಯಾಗಿ ಪರಿಹಾರ ದೊರೆಯಿತು, ಉಳಿದ ರಕ್ತದ ಮಾದರಿಗಳು ಮರಳಿ ಅವರ ಕೈ ಸೇರಿದವು.

ಇಷ್ಟೆಲ್ಲ ಬರೆದ ಮೇಲೆ ನನಗೆ ಉಳಿಯುವ ಮಾತು ಒಂದೇ. ಮುನ್ನೂರು ಕೋಟಿ ಅಕ್ಷರಗಳನ್ನು ಓದುವ ಯಂತ್ರ ಬಂದಿದೆ. ಆದರೆ ಯಾರ ರಕ್ತವನ್ನು ಓದಿದೆವೋ ಅವರಿಗೆ ಆ ಓದು ದಕ್ಕಿದಾಗಲೇ ಅದು ವಿದ್ಯೆ. ಇಲ್ಲವಾದರೆ ಅದು ಜೇಬಿನಲ್ಲಿಟ್ಟುಕೊಂಡು ಹೆದರುವ ಒಂದು ಕಾರ್ಡು. ಈ ಕೆಲಸ ವೈದ್ಯರೊಬ್ಬರಿಂದ ಆಗುವಂಥದಲ್ಲ. ಹನೂರು, ಯಳಂದೂರು, ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕಾಡಂಚಿನ ಶಾಲೆಗಳಲ್ಲಿ ಈಗ ಪಾಠ ಮಾಡುತ್ತಿರುವ ನನ್ನ ಕಿರಿಯ ಮಿತ್ರರಲ್ಲಿ ಒಂದು ವಿನಂತಿ. ಆನುವಂಶಿಕತೆಯ ಅಧ್ಯಾಯ ಬಂದಾಗ ಮೆಂಡಲನ ಬಟಾಣಿಯಲ್ಲಿಯೇ ನಿಲ್ಲಬೇಡಿರಿ. ವಾಹಕ ಬೇರೆ, ರೋಗಿ ಬೇರೆ ಎಂಬುದನ್ನು ಎರಡು ಚೀಲ, ನಾಲ್ಕು ಬೀಜ ಹಿಡಿದು ತೋರಿಸಿರಿ. ಯಾವ ಮಗುವಿನ ಹೆಸರನ್ನೂ, ಯಾವ ಕುಲದ ಹೆಸರನ್ನೂ ಉದಾಹರಣೆಗೆ ಎತ್ತಿಕೊಳ್ಳಬೇಡಿರಿ. ಕೈಕಾಲು ನೋವೆಂದು ಪದೇ ಪದೇ ಶಾಲೆ ತಪ್ಪಿಸುವ, ಕಣ್ಣು ಹಳದಿಯಾಗಿರುವ ಮಗು ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳುಹಿಸಿರಿ. ಬಾಯಾರಿಕೆಯಾದಾಗಲೆಲ್ಲ ಎದ್ದು ಹೋಗಿ ನೀರು ಕುಡಿದು ಬರಲು ಆ ಮಗುವಿಗೆ ಅನುಮತಿ ಕೊಡಿರಿ. ಇದಕ್ಕೆ ಹದಿನೆಂಟು ಕೋಟಿ ರೂಪಾಯಿ ಬೇಕಿಲ್ಲ, ಒಂದು ಪೀರಿಯಡ್ ಸಾಕು.